ಗೌರತ್ತೆ ಕುಡಿದ ನೀರು

ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕಿ ಮರೆತುಬಿಟ್ಟು, ಎರಡು ದಿನ ಕಳೆದು ಮುಚ್ಚಳ ತೆಗೆದರೆ ಒಂದು ವಾಸನೆ ಮುಖಕ್ಕೆ ಹೊಡೆಯುತ್ತದೆ. ಒದ್ದೆ ಬಟ್ಟೆ ಗಾಳಿಯಿಲ್ಲದೆ ಒಳಗೊಳಗೇ ಹುಳಿತು, ಕೊಳೆಯಲು ಶುರುವಾದ ವಾಸನೆ. ಬೇರೆ ಯಾರಾದರೂ ಮೂಗು ಮುಚ್ಚಿಕೊಂಡು ಇನ್ನೊಮ್ಮೆ ಸೋಪು ಹಾಕಿ ತಿರುಗಿಸಿ ಅದನ್ನು ಮರೆಯುತ್ತಾರೆ. ನನಗೆ ಹಾಗಾಗುವುದಿಲ್ಲ. ಆ ವಾಸನೆ ಬಂದ ಕೂಡಲೇ ಮೈಸೂರಿನ ಈ ಬಾಡಿಗೆ ಮನೆಯ ಬಚ್ಚಲು ಮಾಯವಾಗಿ, ನಂಜನಗೂಡಿನ ಹೊಳೆಯ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಪಾಚಿಗಟ್ಟಿದ ಕಲ್ಲು, ಮೊಣಕಾಲುದ್ದದ ನೀರು, ಯಾರೋ ಕಳಚಿ ಬಿಟ್ಟುಹೋದ ಸೀರೆಯ ಸೆರಗು ಮೀನಿನಂತೆ ನುಣ್ಣಗೆ ಬಂದು ಹಿಮ್ಮಡಿಗೆ ಸುತ್ತಿಕೊಳ್ಳುವುದು. ಇಷ್ಟು ವರ್ಷವಾದರೂ ಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ. ಹೊಳೆಯ ನೀರು ಕುಡಿದು ಬೆಳೆದು, ಈಗ ಅದೇ ಹೊಳೆಯ ಸೇತುವೆ ದಾಟುವಾಗ ಬಸ್ಸಿನ ಗಾಜು ಮುಚ್ಚುವವರು ನಿಮ್ಮಲ್ಲೂ ಇರಬಹುದು. ಅಂಥವರಿಗೆ ನನ್ನ ಸೋದರತ್ತೆಯ ವಿಷಯ ಹೇಳಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮದು ಹೊಳೆಗೆ ಇಳಿಯುವ ಬೀದಿಯಲ್ಲಿ ಒಂದು ಹೆಂಚಿನ ತೊಟ್ಟಿಮನೆ. ಬೀದಿಯ ಕಡೆಗಿದ್ದ ಕೋಣೆಯೇ ಅಂಗಡಿ. ಅಪ್ಪ ಅಲ್ಲಿ ಹಣ್ಣು, ಕಾಯಿ, ಕರ್ಪೂರ, ಊದುಕಡ್ಡಿ, ವಿಭೂತಿ ಗಟ್ಟಿ ಮಾರುತ್ತಿದ್ದರು. ತಾತನ ಕಾಲದಿಂದ ಬಂದ ವ್ಯಾಪಾರ ಅದು. ಮನೆಯ ಹಿಂಬದಿಯ ಅಡುಗೆಮನೆಯಲ್ಲಿ ನಿಂತರೂ ಮಾಗಿದ ರಸಬಾಳೆಯ ವಾಸನೆ ಬರುತ್ತಿತ್ತು. ಗೊನೆಗಳನ್ನು ತೊಟ್ಟಿಯ ಜಂತೆಗೆ ನೇತುಹಾಕುತ್ತಿದ್ದುದರಿಂದ ಶಾಲೆಗೆ ಹೋಗುವಾಗ ನನ್ನ ಜಡೆಯೂ ಹಣ್ಣಿನ ವಾಸನೆ ಹೊತ್ತುಕೊಂಡೇ ಹೋಗುತ್ತಿತ್ತು. ಅಪ್ಪ, ಅವ್ವ, ನಾನು, ಮತ್ತೆ ಗೌರತ್ತೆ, ಇಷ್ಟೇ ಜನ. ಗೌರತ್ತೆ ಅಪ್ಪನ ಅಕ್ಕ. ನಮ್ಮ ಹೊಳೆ ಹರಿದುಹೋಗುವ ದಿಕ್ಕಿನಲ್ಲಿ, ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಗೆ ಕೊಟ್ಟಿದ್ದರಂತೆ. ನಾನು ಹುಟ್ಟುವ ಮೊದಲೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ತವರಿಗೆ ಬಂದಿದ್ದಳು. ಎತ್ತರದ ಮೈಕಟ್ಟು, ಗಡಸು ದನಿ, ಎದೆಯ ಮೇಲೆ ದಾರ ಮಾಸಿದ ಕರಡಿಗೆಯಲ್ಲಿ ಲಿಂಗ. ಯಾರ ಹಂಗಿಗೂ ಬಗ್ಗುವ ಹೆಂಗಸಲ್ಲ. ಅವಳ ಬಾಯಿಗೆ ಹೆದರಿ ಬೀದಿಯ ಹಸುಗಳೂ ನಮ್ಮ ಅಂಗಡಿಯ ಬಾಳೆಹಣ್ಣಿಗೆ ಬಾಯಿ ಹಾಕುವುದಿಲ್ಲ ಎಂದು ಅವ್ವ ನಗುತ್ತಿದ್ದಳು.

ಆ ಗಡಸು ಹೆಂಗಸು ಹೊಳೆಯ ಮುಂದೆ ಮಾತ್ರ ಬೇರೆಯೇ ಆಗುತ್ತಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳು, ನಾನಿನ್ನೂ ಪ್ರೈಮರಿ ಶಾಲೆ. ಬೆಳಕು ಹರಿಯುವ ಹೊತ್ತಿಗೆ ತಾಮ್ರದ ಬಿಂದಿಗೆ ಸೊಂಟಕ್ಕಿಟ್ಟು ಹೊರಡುವ ಅತ್ತೆಯ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ. ಕಪಿಲೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿರುತ್ತಿತ್ತು. ಆಚೆ ದಡದಲ್ಲಿ ಯಾರೋ ಕೆಮ್ಮಿದರೆ ಈಚೆಗೆ ಕೇಳುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ ಚಪ್ಪಲಿಯಿಲ್ಲದ ಕಾಲನ್ನೂ ಒಮ್ಮೆ ಸೆರಗಿನಿಂದ ಒರೆಸಿಕೊಂಡು, ಬಗ್ಗಿ, ನೀರನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಕತೀನಿ ಕಣವ್ವ" ಎಂದು ಕೇಳಿಯೇ ಬಿಂದಿಗೆ ಅದ್ದುತ್ತಿದ್ದಳು. ಹೊಳೆಗಿಳಿದು ಸೋಪು ಹಚ್ಚುವಂತಿಲ್ಲ. ಮೀಯಬೇಕೆಂದರೆ ಚೊಂಬಿನಲ್ಲಿ ಎತ್ತಿ, ಮೇಲಿನ ಮೆಟ್ಟಿಲಿಗೆ ಬಂದು ಸುರಿದುಕೊಳ್ಳಬೇಕು. ಹೊಳೆಯೊಳಗೆ ಬಾಯಿ ಮುಕ್ಕಳಿಸುವಂತಿಲ್ಲ, ಮೂಗು ಸೀನುವಂತಿಲ್ಲ. ಒಂದು ಸಲ ನಾನು ಬಾಯಿಗೆ ಹೊಕ್ಕ ನೀರನ್ನು ಹಾಗೇ ಉಗಿದದ್ದಕ್ಕೆ ಬೆನ್ನ ಮೇಲೆ ಬಲವಾದ ಏಟು ಬಿದ್ದಿತ್ತು. ಅಳುತ್ತಾ ಯಾಕೆಂದು ಕೇಳಿದೆ. "ನಿಮ್ಮವ್ವನ ತೊಡೆ ಮ್ಯಾಲೆ ಕುಂತ್ಕಂಡು ಅವ್ಳ ಮಕಕ್ಕೆ ಉಗೀತೀಯಾ?" ಎಂದಳು. ಬೇರೆ ವಿವರಣೆ ಬೇಕೆನಿಸಲಿಲ್ಲ.

ಮನೆಗೆ ತಂದ ನೀರನ್ನು ಅಗ್ಗವಣಿ ಎನ್ನುತ್ತಿದ್ದಳು, ಲಿಂಗಕ್ಕೆರೆಯುವ ನೀರು. ಅದನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯನ್ನು ಕೊಡವದೆ ಹಾಗೇ ಮಡಿಸಿಟ್ಟುಕೊಂಡು, ಮಾರನೆಯ ದಿನ ಅದೇ ಮೆಟ್ಟಿಲಿನಲ್ಲಿ ನೀರಿಗೆ ತಿರುವಿ ಅದ್ದುತ್ತಿದ್ದಳು. ಬಟ್ಟೆಗೆ ಸಿಕ್ಕ ಕಣ್ಣಿಗೆ ಕಾಣದ ಹುಳುಹುಪ್ಪಟೆ ತಮ್ಮ ಮನೆಗೆ ತಾವು ಹೋಗಲಿ ಎಂದು. ಒಂದು ರಾತ್ರಿ ಬಟ್ಟೆಯಲ್ಲಿ ಅವು ಬದುಕಿರುತ್ತವೆಯೇ ಎಂದು ನಾನು ಕೇಳಿದ್ದೆ. ಅಂದಿನಿಂದ ಬಟ್ಟೆಯನ್ನು ಒಂದು ಬಟ್ಟಲು ನೀರಿನಲ್ಲಿ ನೆನೆಸಿಡತೊಡಗಿದಳು. ಆಮೇಲೆ ತೊಟ್ಟಿಯ ಪಕ್ಕದ ಜಗಲಿಯಲ್ಲಿ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೀರೆರೆದು, ವಿಭೂತಿ ಧರಿಸಿ, ಪತ್ರೆ ಏರಿಸಿ, ಕಣ್ಣು ಮುಚ್ಚಿದರೆ ಅಂಗಡಿಗೆ ಗಿರಾಕಿ ಬಂದು ಕೂಗಿದರೂ ಏಳುತ್ತಿರಲಿಲ್ಲ. ಕೊನೆಗೆ ಲಿಂಗಕ್ಕೆರೆದ ನೀರನ್ನು ತಾನು ಕುಡಿದು, ನನ್ನ ಅಂಗೈಗೂ ಒಂದಿಷ್ಟು ಹನಿಸುವಳು. ತಣ್ಣಗೆ, ತುಸು ಮಣ್ಣಿನ, ತುಸು ತಾಮ್ರದ ರುಚಿ. ಆಮೇಲೆ ನಾನು ಎಷ್ಟೋ ಊರಿನ ನೀರು ಕುಡಿದೆ. ಆ ರುಚಿ ಎಲ್ಲಿಯೂ ಸಿಗಲಿಲ್ಲ.

ಹೊಳೆಗೆ ಬಟ್ಟೆ ಬಿಡುವುದು ಆಗಲೂ ಇತ್ತು. ಕಾಯಿಲೆಯವರು, ದೋಷವಿದೆ ಎಂದು ಹೇಳಿಸಿಕೊಂಡವರು, ಮಿಂದು, ಮೈಮೇಲಿನ ಹಳೆಯ ಬಟ್ಟೆಯನ್ನು ನೀರಿಗೆ ಬಿಟ್ಟು, ತಿರುಗಿ ನೋಡದೆ ಮೇಲೆ ಹೋಗುತ್ತಿದ್ದರು. ಅಪರೂಪಕ್ಕೆ ಒಂದು ಪಂಚೆಯೋ ಸೀರೆಯೋ ಕಲ್ಲಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿರುತ್ತಿತ್ತು. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಅದು ಅಪರೂಪವಾಗಿ ಉಳಿಯಲಿಲ್ಲ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ ಎಂದರೆ ವ್ಯಾನುಗಳಲ್ಲಿ ಜನ ಬರತೊಡಗಿದರು. ಟಿ.ವಿ.ಯ ಜ್ಯೋತಿಷಿಗಳು ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನದೊಳಗೆ ಮಾಡಿ ಮುಗಿಸುವ ಅವಸರದ ಭಕ್ತಿ ಅದು. ಸೀರೆ, ಪ್ಯಾಂಟು, ಒಳಲಂಗ, ಬನಿಯನ್ನು, ಮಗುವಿನ ಮಲ ಅಂಟಿದ ಚಡ್ಡಿ, ಎಲ್ಲವೂ ತಾಯಿಯ ಮಡಿಲಿಗೆ. ಮುಡಿ ಕೊಟ್ಟ ಕೂದಲು ಮೆಟ್ಟಿಲ ಸಂದಿಯಲ್ಲಿ ಉಂಡೆಯುಂಡೆಯಾಗಿ ಸತ್ತ ಇಲಿಗಳಂತೆ ಬಿದ್ದಿರುತ್ತಿತ್ತು. ಶಾಂಪೂ ಚೀಟಿಗಳ ತುಂಡುಗಳು ನೀರಿನ ಮೇಲೆ ಮಿರಮಿರ ಮಿನುಗುತ್ತಿದ್ದವು. ಗುಟ್ಕಾ ಉಗಿದ ಕೆಂಪು ಒಂದು ಕ್ಷಣ ತೇಲಿ ಕರಗುತ್ತಿತ್ತು. ಉಗಿದವನು ಅದೇ ಜಾಗದಿಂದ ಬೊಗಸೆಯಲ್ಲಿ ನೀರೆತ್ತಿ ಸೂರ್ಯನಿಗೆ ತೋರಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಮುಚ್ಚಿದ ಕಣ್ಣುಗಳನ್ನು ಕಂಡರೆ ನನಗೆ ಕೊಳೆತ ಬಟ್ಟೆಗಿಂತ ಹೆಚ್ಚು ವಾಕರಿಕೆ ಬರುತ್ತಿತ್ತು.

ಈ ಜನರನ್ನೆಲ್ಲ ಬೈದು ಕೈ ತೊಳೆದುಕೊಳ್ಳುವಂತಿಲ್ಲ, ಅವರಿಗೆ ಬೇಕಾದ್ದನ್ನು ಮಾರುತ್ತಿದ್ದವರು ನನ್ನ ಅಪ್ಪ. ಪಕ್ಕದಲ್ಲಿ ಹೊಸ ಅಂಗಡಿಗಳು ಎದ್ದ ಮೇಲೆ ಬರೀ ಹಣ್ಣುಕಾಯಿಯಿಂದ ನಡೆಯುವುದಿಲ್ಲವೆಂದು ಅಪ್ಪ 'ಸ್ನಾನದ ಸೆಟ್' ಶುರುಮಾಡಿದರು. ಕೆಂಪು ಹಳದಿ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಸಣ್ಣ ಸೋಪು, ಶಾಂಪೂ ಚೀಟಿ, ಎಳ್ಳೆಣ್ಣೆ ಪ್ಯಾಕೆಟ್ಟು, ಅರಿಶಿನ ಕುಂಕುಮ, ಮತ್ತೆ ಹೊಳೆಗೆ ಬಿಡುವುದಕ್ಕೆಂದೇ ನೇಯಿಸಿದ, ಬಲೆಯಂತೆ ತೆಳ್ಳಗಿನ ಒಂದು ತುಂಡು ಬಟ್ಟೆ. ಹಳೆಯ ಬಟ್ಟೆ ತರಲು ಮರೆತವರು ಇದನ್ನು ಮೈಗೆ ಸೋಕಿಸಿ ಬಿಟ್ಟರಾಯಿತು. ಸೆಟ್ಟುಗಳು ಬಾಳೆಗೊನೆಗಳ ಜಾಗದಲ್ಲಿ ಸಾಲಾಗಿ ನೇತಾಡತೊಡಗಿದವು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅತ್ತೆ ತಟ್ಟೆಯಿಂದ ಕೈ ತೆಗೆದಳು.

"ಮಾದೇವ, ಸೋಪ್ ಮಾರು, ಬ್ಯಾಡ ಅನ್ನಕಿಲ್ಲ. ಒಳೆಗಾಕಿ ಅಂತ ಯಾಕ್ಲಾ ಮಾರೀಯೆ?"

"ನಾನೇನ್ ಆಕಿ ಅಂತ ಯೋಳ್ತೀನಾ ಅಕ್ಕ? ಅವ್ರವ್ರ ನಂಬ್ಕೆ."

"ನಂಬ್ಕೆ ಇದ್ರೆ ದೇವ್ರ ಮುಂದೆ ಬುಡ್ಲಿ ಬಟ್ಟೆಯ. ಎಮ್ಮಿಗೇಲಿ ನಮ್ಮೋರು ಇದೇ ನೀರ ಕುಡ್ಯಾದು. ಕಂಡೋರ್ ಚಡ್ಡಿ ತೊಳ್ದ ನೀರ."

ಅನ್ನದ ಮುಂದೆ ಇಂಥ ಮಾತೇ ಎಂದು ಅವ್ವ ಎದ್ದುಹೋದಳು. ಅಪ್ಪ ಊಟ ಮುಗಿಸಿ ಅಂಗಡಿಗೆ ಹೋದರು. ಕೆಟ್ಟ ಮನುಷ್ಯರಲ್ಲ ಅಪ್ಪ. ಸೋಮವಾರದ ಉಪವಾಸ ತಪ್ಪಿಸಿದವರಲ್ಲ, ಬಾಗಿಲಿಗೆ ಬಂದ ಜಂಗಮರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಹೊಳೆಯ ಕಡೆಗೆ ತಿರುಗಿ ಕೈ ಮುಗಿಯುತ್ತಿದ್ದರು. ಆಮೇಲೆ ಕೊಕ್ಕೆಗೆ ಸೆಟ್ಟುಗಳನ್ನು ನೇತುಹಾಕುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆಯ ಜೊತೆ ನೀರಿಗಿಳಿದಾಗ ನನ್ನ ಎರಡೂ ಕಾಲಿಗೆ ಏನೋ ಸುತ್ತಿಕೊಂಡಿತು. ಎಳೆದಷ್ಟೂ ಬಿಗಿಯಿತು. ಕಿರುಚುತ್ತ ಮೆಟ್ಟಿಲ ಮೇಲೆ ಬಿದ್ದೆ. ಅತ್ತೆ ಬಂದು ಬಿಡಿಸಿದಳು. ಒಂದಲ್ಲ, ಮೂರ್ನಾಲ್ಕು ಸೀರೆಗಳು ಒಂದಕ್ಕೊಂದು ಹೊಸೆದುಕೊಂಡು ಹಗ್ಗವಾಗಿದ್ದವು. ನಡುವೆ ಒಂದು ರವಿಕೆ, ಅದರ ಕಂಕುಳಲ್ಲಿ ಲೋಳೆಲೋಳೆಯಾದ ಪಾಚಿ, ಅದರೊಳಗೆ ಉಸಿರುಗಟ್ಟಿ ಸತ್ತ ಒಂದು ಬೆರಳುದ್ದದ ಮೀನು. ನಾನು ಅಲ್ಲೇ ವಾಂತಿ ಮಾಡಿಕೊಂಡೆ, ಹೊಳೆಗೇ. ಅತ್ತೆ ಆವತ್ತು ಹೊಡೆಯಲಿಲ್ಲ. ಮೀನನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಲಿಂಗವಿಟ್ಟುಕೊಳ್ಳುವ ಎಡ ಅಂಗೈಯಲ್ಲಿ.

ಮಾರನೆಯ ದಿನದಿಂದ ಅತ್ತೆ ಬಿಂದಿಗೆಯ ಜೊತೆ ಒಂದು ದೋಟಿಯನ್ನೂ ಒಯ್ಯತೊಡಗಿದಳು, ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು. ಬಟ್ಟೆಗಳನ್ನು ಎಳೆದೆಳೆದು ಮೆಟ್ಟಿಲ ಮೇಲೆ ರಾಶಿ ಹಾಕುವುದು, ಬಿಸಿಲೇರಿದ ಮೇಲೆ ಪೌರಕಾರ್ಮಿಕರ ಗಾಡಿ ಬಂದರೆ ತುಂಬಿಸುವುದು. ಮಿಂದು ಎದ್ದ ಒಬ್ಬ ಹೆಂಗಸು ತನ್ನ ಸೀರೆ ದೋಟಿಯ ತುದಿಯಲ್ಲಿ ಮೇಲೆ ಬಂದದ್ದನ್ನು ನೋಡಿ ಕೂಗಾಡಿದಳು. "ನನ್ನ ದೋಷ ನೀರಿಗೆ ಬಿಟ್ಟಿದ್ದೀನಿ, ನೀನ್ಯಾಕಮ್ಮ ಎತ್ತಿ ಹಾಕ್ತಿದ್ದೀಯಾ? ಮತ್ತೆ ನನಗೇ ಬಂದು ಸುತ್ಕೊಳ್ಳಲ್ವಾ?"

"ನಿನ್ನ ದೋಸ ನಿಂಗೇ ಸುತ್ಕಬೇಕು ಕಣವ್ವ. ಕೆಳಗ್ಲ ಊರೋರು ಏನ್ ಮಾಡವ್ರೆ?" ಎಂದಳು ಅತ್ತೆ, ದೋಟಿ ನಿಲ್ಲಿಸದೆ.

ಬೀದಿಯಲ್ಲಿ ಮಾತು ಹಬ್ಬಿತು. ಕಂಡವರ ಪಾಪವನ್ನು ಕೈಯಾರೆ ಮುಟ್ಟುವವಳು ಎಂದು ಹೆಂಗಸರು ಅವಳಿಂದ ಅರಿಶಿನ ಕುಂಕುಮದ ತಟ್ಟೆ ದೂರ ಸರಿಸಿದರು. ವಿಧವೆಯೆಂದು ಮೊದಲೇ ಅರ್ಧ ಸರಿಸಿದ್ದ ತಟ್ಟೆ ಅದು. ಅವ್ವ ಕೂಡ ಒಂದು ದಿನ, "ಆ ಕೈಯಲ್ಲೇ ಒಲೆ ಮುಟ್ಟಬ್ಯಾಡಿ ಅತ್ತಿಗೆ, ನಂಗೆ ಮೈಯೆಲ್ಲ ಜುಮ್ ಅಂತದೆ" ಎಂದುಬಿಟ್ಟಳು. ಅತ್ತೆ ಆಮೇಲೆ ಅಡುಗೆಮನೆಗೆ ಹೋಗಲಿಲ್ಲ. ಅವಳ ತಟ್ಟೆ ಜಗಲಿಗೆ ಬರತೊಡಗಿತು. ಬಟ್ಟೆ ಬಿಟ್ಟವರು ಶುದ್ಧರಾಗಿ ಊರಿಗೆ ಹೋಗುತ್ತಿದ್ದರು, ಬಟ್ಟೆ ಮಾರಿದವರು ಶುದ್ಧರಾಗಿ ಅಂಗಡಿಯಲ್ಲಿ ಕೂರುತ್ತಿದ್ದರು, ಎತ್ತಿ ಹಾಕಿದವಳು ಮಾತ್ರ ಮೈಲಿಗೆ. ಈ ಧರ್ಮ ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ನೀರು ಮಾತ್ರ ಅವಳು ಬಿಡಲಿಲ್ಲ. ಅದೇ ಹೊಳೆಯಿಂದ ತರಬೇಕು, ಸೋಸಬೇಕು, ಲಿಂಗಕ್ಕೆರೆಯಬೇಕು, ಕುಡಿಯಬೇಕು. ಒಂದು ವರ್ಷ ಮಳೆಗಾಲದ ಮೊದಲು ಕಾಮಾಲೆ ಬಂದು ಕಣ್ಣು, ಉಗುರು, ಅಂಗೈ ಎಲ್ಲ ಹಳದಿಯಾದವು. ಡಾಕ್ಟರು ಹೊಳೆಯ ನೀರು ಮುಟ್ಟಲೇಬಾರದು ಎಂದರು. ಚೇತರಿಸಿಕೊಂಡ ವಾರಕ್ಕೇ ಬಿಂದಿಗೆ ಹಿಡಿದು ನಿಂತಳು. "ನಲ್ಲಿ ನೀರಲ್ಲಿ ಪೂಜೆ ಮಾಡಕ್ಕ, ಶಿವ ಬ್ಯಾಡ ಅಂತಾನಾ?" ಎಂದು ಅಪ್ಪ ಗೋಗರೆದರು. "ನಂಗಾಗ್ದೆ ಇರ ನೀರು ಅವ್ಳಿಗೆಂಗಾದದು ಮಾದೇವ? ಅವ್ಳು ಅದ್ರೊಳ್ಗೇ ಅವಳೆ" ಎಂದಳು. ಆ ಮಾತಿನಲ್ಲಿ ಅವಳಿಗೆ ಹೊಳೆ ಬೇರೆ, ಹೊಳೆಯ ತಾಯಿ ಬೇರೆ ಆಗಿದ್ದರು. ತಾಯಿಯನ್ನು ಆ ಕೊಳಕಿನಲ್ಲಿ ಒಬ್ಬಳನ್ನೇ ಬಿಟ್ಟುಬರಲು ಅವಳಿಗೆ ಮನಸ್ಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಕಾಲೇಜಿನಲ್ಲಿದ್ದೆ. ಊರಿನ ಕೆಲವು ವ್ಯಾಪಾರಸ್ಥರು ಸೇರಿ ಹೊಳೆಗೆ ದೀಪ ಬಿಡುವ ಪೂಜೆಯೊಂದನ್ನು ಹೊಸದಾಗಿ ಏರ್ಪಡಿಸಿದರು. ನದಿ ನಮ್ಮ ತಾಯಿ ಎಂದು ಬರೆದ ಫ್ಲೆಕ್ಸುಗಳು ಬೀದಿಯುದ್ದಕ್ಕೂ ನೇತಾಡಿದವು. ಆಶೀರ್ವಚನಕ್ಕೆ ಒಂದು ಮಠದ ಸ್ವಾಮಿಗಳು ಬರುವುದೆಂದೂ, ಅವರ ಪೂಜೆ ಪ್ರಸಾದ ನಮ್ಮ ಮನೆಯಲ್ಲೆಂದೂ ಗೊತ್ತಾಯಿತು. ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಸುಣ್ಣ ಹೊಡೆಸಿದರು. ದೀಪ ತೇಲಿಬಿಡಲು ಥರ್ಮೋಕೋಲಿನ ಬಟ್ಟಲುಗಳನ್ನು ಮೈಸೂರಿನಿಂದ ತರಿಸಿದರು. ತೊಟ್ಟಿಯ ತುಂಬ ಬಿಳಿಯ ಬಟ್ಟಲುಗಳ ಗೋಪುರ. ಸ್ವಾಮಿಗಳ ಪೂಜೆಗೆಂದು ಒಂದು ಕ್ಯಾನ್ ಮಿನರಲ್ ನೀರು ಬಂದು ದೇವರ ಕೋಣೆಯ ಮೂಲೆಯಲ್ಲಿ ಕೂತಿತು.

ಸ್ವಾಮಿಗಳು ವಯಸ್ಸಿನಲ್ಲಿ ಚಿಕ್ಕವರು. ಓದಿದವರು, ಮೆದುಮಾತಿನವರು. ಪಾದಪೂಜೆ ಮುಗಿದು, ನಡುಮನೆಯಲ್ಲಿ ಅವರು ತಮ್ಮ ಲಿಂಗಪೂಜೆಗೆ ಕೂತರು. ಅವ್ವ ಬೆಳ್ಳಿಯ ಚೊಂಬಿನಲ್ಲಿ ಕ್ಯಾನಿನ ನೀರು ತುಂಬಿ ಇಟ್ಟಿದ್ದಳು. ನಾವೂ, ಬೀದಿಯ ಹಿರಿಯರೂ ಗೋಡೆಯ ಪಕ್ಕ ಕೈಮುಗಿದು ನಿಂತಿದ್ದೆವು. ಆಗ ಹೊಳೆಯಿಂದ ಬಂದ ಅತ್ತೆ, ಒದ್ದೆ ಸೀರೆಯಲ್ಲೇ, ಬಿಂದಿಗೆಯನ್ನು ಅವರ ಮುಂದೆ ತಂದಿಟ್ಟಳು.

"ಬುದ್ದಿ, ಈಗ್ತಾನೆ ತಂದಿವ್ನಿ. ಸಾಯಂಕಾಲ ನೀವು ಆರ್ತಿ ಎತ್ತೋ ತಾಯಿ ಇವ್ಳೇಯ."

"ಅಕ್ಕ, ಒಳೀಕೋಗು" ಎಂದರು ಅಪ್ಪ, ಹಲ್ಲು ಕಚ್ಚಿ. ಸ್ವಾಮಿಗಳು ಕೈಯೆತ್ತಿ ಅಪ್ಪನನ್ನು ತಡೆದರು. ಅತ್ತೆ ಬಿಂದಿಗೆ ಬಗ್ಗಿಸಿ ಗಾಜಿನ ಲೋಟಕ್ಕೆ ಸುರಿದಳು. ಅಂದು ಅವಳು ಸೋಸಿರಲಿಲ್ಲ. ತೊಟ್ಟಿಯ ಬೆಳಕು ಲೋಟದೊಳಗೆ ನೇರವಾಗಿ ಬೀಳುತ್ತಿತ್ತು. ನೀರು ಅಕ್ಕಿ ತೊಳೆದ ಹಾಗೆ ಕಲಕಿತ್ತು, ಮೇಲೆ ತೆಳ್ಳಗೆ ಎಣ್ಣೆಯ ಬಣ್ಣ, ನಡುವೆ ಕೆಂಪು ನೂಲಿನ ಒಂದು ಎಳೆ ನಿಧಾನವಾಗಿ ತಿರುಗುತ್ತಿತ್ತು. ಸ್ವಾಮಿಗಳು ಲೋಟ ತೆಗೆದುಕೊಂಡರು, ನೋಡಿದರು, ಎರಡೂ ಕಣ್ಣಿಗೆ ಒತ್ತಿಕೊಂಡರು, ಬೆರಳದ್ದಿ ತಲೆಯ ಮೇಲೆ ಹನಿಸಿಕೊಂಡು ಲೋಟ ಕೆಳಗಿಟ್ಟರು.

"ಆಯಿತು ತಾಯಿ. ಭಕ್ತಿ ದೊಡ್ಡದು."

"ಕಣ್ಗೊತ್ಕಳಾದು ಸಲೀಸು ಬುದ್ದಿ. ಒಂದ್ ಗುಟ್ಕು ಕುಡೀರಿ."

ಸ್ವಾಮಿಗಳ ಮುಖ ಕೆಂಪಾಯಿತು. ಸಿಟ್ಟಿನಿಂದಲ್ಲ, ಪಾಪ, ನಾಚಿಕೆಯಿಂದ. ಅವರ ಜೊತೆ ಬಂದಿದ್ದವರು ಒಬ್ಬರು ಮುಂದೆ ಬಂದು, "ಬುದ್ಧಿಯವರಿಗೆ ಹೊರಗಿನ ನೀರು ಆಗುವುದಿಲ್ಲಮ್ಮ, ವೈದ್ಯರು ಬೇಡ ಎಂದಿದ್ದಾರೆ" ಎಂದರು.

"ಒರಗ್ಲ ನೀರು" ಎಂದಳು ಅತ್ತೆ. ಆ ಎರಡು ಮಾತನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡುವವಳಂತೆ ಮತ್ತೊಮ್ಮೆ ಅಂದಳು. ಆಮೇಲೆ ಸ್ವಾಮಿಗಳ ಕಡೆ ತಿರುಗಿ, "ಆಗ್ಲಿ ಬುದ್ದಿ, ಬಲವಂತ ಇಲ್ಲ. ಕುಡ್ಯಾಕೆ ಆಗ್ನಿಲ್ಲ ಅಂದ್ರೆ ಸಾಯಂಕಾಲ ಮೈಕ್ನಲ್ಲಿ ತಾಯಿ ಅಂತ ಮಾತ್ರ ಅನ್ಬ್ಯಾಡಿ" ಎಂದು ಲೋಟವೆತ್ತಿ ತಾನೇ ಕುಡಿದಳು. ಗಟಗಟನೆ ಅಲ್ಲ. ನಿಧಾನವಾಗಿ, ದಿನವೂ ಪೂಜೆ ಮುಗಿಸಿ ಕುಡಿಯುವ ಹಾಗೆಯೇ. ನೂಲಿನ ಎಳೆ ಕೆಳತುಟಿಗೆ ಅಂಟಿಕೊಂಡಿತು. ಅದನ್ನು ಬೆರಳಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು. ನಾವು ಗೋಡೆಯ ಪಕ್ಕ ಸಾಲಾಗಿ ಕೈಮುಗಿದುಕೊಂಡೇ ನಿಂತಿದ್ದೆವು. ಸ್ವಾಮಿಗಳು ಬೆಳ್ಳಿಯ ಚೊಂಬಿನ ನೀರಿನಲ್ಲಿ ಪೂಜೆ ಮುಗಿಸಿದರು.

ಸಂಜೆ ಹೊಳೆಯ ದಡದಲ್ಲಿ ನಾನು ಒಂದೇ ಒಂದು ಪದಕ್ಕಾಗಿ ಕಿವಿಗೊಟ್ಟು ಕೂತಿದ್ದೆ. ಸ್ವಾಮಿಗಳು ಮಾತು ಶುರುಮಾಡುವಾಗ ಸ್ವಲ್ಪ ತಡವರಿಸಿದರು. ನೀರು, ನದಿ, ಪ್ರಕೃತಿ ಎಂದರು. ಜನ ತಣ್ಣಗಿದ್ದರು. ಆಮೇಲೆ ತಾಯಿ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಅವರು ತಡವರಿಸಲಿಲ್ಲ. ದೀಪ ಹಚ್ಚಿದ ಬಿಳಿಯ ಬಟ್ಟಲುಗಳು ಒಂದರ ಹಿಂದೊಂದು ನೀರಿಗಿಳಿದವು, ಕ್ಯಾಮೆರಾಗಳು ಮಿಂಚಿದವು. ದೂರದಿಂದ ಚೆಂದವಾಗಿಯೇ ಕಾಣುತ್ತಿತ್ತು, ಸುಳ್ಳು ಹೇಳಲಾರೆ. ಬೆಳಿಗ್ಗೆ ಹೋಗಿ ನೋಡಿದರೆ ಬಟ್ಟಲುಗಳೆಲ್ಲ ಕೆಳಗಿನ ಆಪು ಹುಲ್ಲಿಗೆ ಸಿಕ್ಕಿ, ಕಮಟು ಎಣ್ಣೆಯಲ್ಲಿ ನೆನೆದು, ಸೀರೆಗಳ ಸುತ್ತ ಬಾವು ಬಂದ ಹುಣ್ಣಿನಂತೆ ಅಂಟಿಕೊಂಡಿದ್ದವು. ಅತ್ತೆ ದೋಟಿ ಹಿಡಿದು ಬಂದವಳು ಒಂದು ಬಟ್ಟಲಿಗೆ ಕೊಕ್ಕೆ ತಾಗಿಸಿದಳು. ಅದು ಪುಡಿಪುಡಿಯಾಗಿ, ನೂರು ಬಿಳಿಯ ಕಾಳಾಗಿ ನೀರಿನ ಮೇಲೆ ಹರಡಿತು. ಕೊಕ್ಕೆಗೆ ಸಿಕ್ಕುವಂಥದ್ದಲ್ಲ ಅದು. ಬಿಂದಿಗೆ ತುಂಬಿಸದೆ ಮೇಲೆ ಬಂದಳು.

"ಮಾದೇವ, ನಾ ಎಮ್ಮಿಗೆಗೋಯ್ತೀನಿ" ಎಂದಳು ಅಂಗಡಿಯ ಬಾಗಿಲಲ್ಲಿ ನಿಂತು. ಹಿಂದಿನ ದಿನದ ಅವಮಾನವನ್ನು ಅಪ್ಪ ಮರೆತಿರಲಿಲ್ಲ. "ಓಗು. ಅಲ್ಲಾರ ಒಳೆ ಉದ್ದಾರ ಮಾಡ್ಕಂಡಿರು" ಎಂದರು ತಲೆಯೆತ್ತದೆ. ಅವ್ವ ಅತ್ತಳು, ಕೈ ಹಿಡಿದುಕೊಂಡಳು, ಒಲೆಯ ಮಾತಿಗೆ ತಪ್ಪಾಯಿತು ಎಂದಳು. "ನಿಂದೇನಿಲ್ಲ ಬುಡು" ಎಂದು ಅತ್ತೆ ಅವಳ ತಲೆ ಸವರಿದಳು. ಒಂದು ಬಟ್ಟೆಯ ಗಂಟಿನೊಂದಿಗೆ ನರಸೀಪುರದ ಬಸ್ಸು ಹತ್ತಿದಳು. ಆವತ್ತಿನಿಂದ ನಮ್ಮ ಮನೆ, ಜಗಲಿಯ ಮೇಲೆ ಯಾರೂ ಕೂರದ ಮನೆಯಾಯಿತು. ಹೊತ್ತಾರೆ ಬಾಗಿಲು ತೆಗೆಯುವ ಸದ್ದಿಗೆ ಎಚ್ಚರವಾಗುವ ರೂಢಿ ನನಗೆ ತಪ್ಪಲು ಬಹಳ ಕಾಲ ಹಿಡಿಯಿತು.

ರಜೆಯಲ್ಲಿ ಹೆಮ್ಮಿಗೆಗೆ ಹೋದೆ. ಮೈದುನನ ಮನೆಯ ಹಿತ್ತಿಲ ಕೋಣೆಯಲ್ಲಿ ಅತ್ತೆಯ ಬಿಡಾರ. ನಮ್ಮ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಕೂಗಳತೆಯಲ್ಲಿ. ಆದರೆ ಅವಳು ಪೂಜೆಗೆ ಹಿತ್ತಿಲ ಬಾವಿಯ ನೀರು ಸೇದುತ್ತಿದ್ದಳು. ನನಗೆ ನಂಬಲಾಗಲಿಲ್ಲ.

"ಒಳೆ ನೀರು ಬುಟ್ಬುಟ್ಟಾ ಅತ್ತೆ?"

"ಬುಟ್ಟೆ ಮಗ. ಕಾಯ್ಲೆ ಬಿದ್ದಿರೊ ಅವ್ವನ ತಾವ ಆಲು ಕುಡ್ಯಾಕೋದದಾ? ಇಷ್ಟ್ ದಿನ ನಂಗೇ ಬುದ್ದಿ ಇರ್ನಿಲ್ಲ."

ಹಗ್ಗ ಎಳೆಯುತ್ತಲೇ ಹೇಳಿದಳು, ನನ್ನ ಕಡೆ ನೋಡಲಿಲ್ಲ. ಆಮೇಲೆ ನಕ್ಕು, "ಈ ಬೀದಿ ಎಂಗುಸ್ರು ಈಗ ಒಳೆಗೆ ಏನೂ ಆಕಾಕಿಲ್ಲ ಕಣವ್ವ. ಭಕ್ತಿಗಲ್ಲ, ನನ್ ಬಾಯ್ಗೆ ಎದ್ರಿ" ಎಂದಳು. ಅವಳ ಗೆಲುವು ಅಷ್ಟೇ, ಒಂದು ಬೀದಿ. ನಂಜನಗೂಡಿನಲ್ಲಿ ದೀಪದ ಪೂಜೆ ವರ್ಷವರ್ಷವೂ ನಡೆಯಿತು. ಆ ಸ್ವಾಮಿಗಳು ಮತ್ತೆ ಬರಲಿಲ್ಲವಂತೆ. ಕರೆದಾಗೆಲ್ಲ ಬೇರೆ ಕಾರ್ಯಕ್ರಮವಿದೆ ಎಂದರಂತೆ. ಬೇರೆಯವರು ಬಂದರು. ತಾಯಿ ಎನ್ನಲು ಅವರಾರಿಗೂ ಕಷ್ಟವಾಗಲಿಲ್ಲ.

ಅತ್ತೆ ತೀರಿಕೊಂಡಾಗ ನನಗೆ ಮದುವೆಯಾಗಿತ್ತು. ನಾಲ್ಕು ದಿನದ ಜ್ವರವಂತೆ, ಐದನೆಯ ಬೆಳಿಗ್ಗೆ ಏಳಲಿಲ್ಲವಂತೆ. ಅಪ್ಪ, ಅವ್ವ, ನಾನು ಹೆಮ್ಮಿಗೆ ತಲುಪುವ ಹೊತ್ತಿಗೆ ಗೋಡೆಗೊರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಅಪ್ಪ ಅವಳ ಕಾಲ ಹತ್ತಿರ ಕೂತರು. ಮಣ್ಣು ಮಾಡುವ ಮುಂಚಿನ ಸ್ನಾನಕ್ಕೆ ಸಂಗಮದ ನೀರಾದರೆ ಶ್ರೇಷ್ಠ ಎಂದು ಯಾರೋ ಹಿರಿಯರು ಅಂದದ್ದೇ, ಅಪ್ಪ ಎದ್ದು, "ನಾನೇ ತತ್ತೀನಿ" ಎಂದು ಹೊರಟರು. ನಾನೂ ಜೊತೆಗೆ ಹೋದೆ. ಆಟೋದಲ್ಲಿ ಅಪ್ಪ ಪ್ಲಾಸ್ಟಿಕ್ ಕೊಡವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುವ ಆ ಜಾಗದಲ್ಲಿ ಅಂದೂ ಜನ. ತಲೆ ಬೋಳಿಸಿಕೊಂಡವರು, ಬೂದಿಯ ಮಡಕೆ ಹಿಡಿದವರು, ಸೆಲ್ಫೋನಿನಲ್ಲಿ ಮಾತಾಡುತ್ತಲೇ ಮುಳುಗೇಳುವವರು. ಅಪ್ಪ ಪಂಚೆ ಮೇಲೆತ್ತಿ ಕಟ್ಟಿ ಇಳಿದರು. ಮೊದಲ ಜಾಗದಲ್ಲಿ ಕೊಡ ಅದ್ದಲು ಹೋದರೆ ಕೊಳೆತ ಹೂವಿನ ಹಾರ ಮತ್ತು ಪಿಂಡದ ಅನ್ನ. ಪಕ್ಕಕ್ಕೆ ಸರಿದರು, ಅಲ್ಲಿ ಬಟ್ಟೆ. ಕಾಲಿನಿಂದ ತಳ್ಳಿದರು, ತಳದಿಂದ ಇನ್ನೊಂದು ಬಟ್ಟೆ ಮೇಲೆ ಬಂತು. ಇನ್ನೂ ಮುಂದೆ ಹೋದರು, ಎದೆಯವರೆಗೆ ನೀರು. ಗಾಜು ಒಡೆದ ದೇವರ ಪಟವೊಂದು ಮುಖ ಕೆಳಗಾಗಿ ತೇಲಿ ಬಂದು ಅವರ ಭುಜಕ್ಕೆ ತಗುಲಿತು. ಅಪ್ಪ ಅದನ್ನು ಸರಿಸಿ, ಕೊಡವನ್ನು ನೀರಿನ ಮೇಲೆ ಹಿಡಿದುಕೊಂಡು, ಸುಮ್ಮನೆ ನಿಂತುಬಿಟ್ಟರು. ಎಷ್ಟು ಹೊತ್ತು ಎಂದರೆ, ದಡದಲ್ಲಿದ್ದ ದೋಣಿಯವನು ಏನಾಯಿತೆಂದು ಕೂಗಿದ. ಆಮೇಲೆ ನಿಧಾನವಾಗಿ ತಿರುಗಿ ಬಂದರು. ಕೊಡ ಒಣಗಿಯೇ ಇತ್ತು.

"ತುಂಬ್ಲಿಲ್ವಾ ಅಪ್ಪ?"

"ಇದ್ರಲ್ಲಿ ಅವ್ಳ ಮೈ ತೊಳ್ಯಾದೆಂಗವ್ವ" ಎಂದರು. ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು, ಅದರಲ್ಲಿ ಎಷ್ಟು ಹೊಳೆಯದು ಎಂದು ನಾನು ನೋಡಲಿಲ್ಲ.

ಹೆಮ್ಮಿಗೆಯ ಹಿರಿಯರು ಗೊಣಗಿದರು. "ಬಾವಿ ನೀರೇ ಸಾಕು" ಎಂದರು ಅಪ್ಪ, ಮತ್ತೆ ಯಾರೂ ಮಾತಾಡದ ಹಾಗೆ. ತಾವೇ ಸೇದಿ ತಂದುಕೊಟ್ಟರು. ಮೈದುನನ ಹೊಲದ ಬದುವಿನಲ್ಲಿ ಅವಳನ್ನು ಕೂತ ಭಂಗಿಯಲ್ಲೇ, ಅಂಗೈಯಲ್ಲಿ ಲಿಂಗವಿಟ್ಟು, ಪತ್ರೆ, ವಿಭೂತಿ, ಉಪ್ಪಿನೊಂದಿಗೆ ಮಣ್ಣಿಗಿಟ್ಟೆವು. ಸತ್ತವರ ಬಟ್ಟೆ ಹೊಳೆಗೆ ಬಿಡಬೇಕಲ್ಲ ಎಂದು ಒಬ್ಬರು ನೆನಪಿಸಿದಾಗ ಅವ್ವ ಅತ್ತೆಯ ಇದ್ದ ನಾಲ್ಕು ಸೀರೆಯನ್ನೂ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಹರಿಯುವವರೆಗೂ ಉಟ್ಟಳು.

ಇಲ್ಲಿಗೆ ನಿಲ್ಲಿಸಿದರೆ ಅಪ್ಪ ಬದಲಾದರು ಎಂದು ನೀವು ತಿಳಿದುಕೊಳ್ಳುತ್ತೀರಿ. ಮುಂದಿನ ಸೋಮವಾರ ಅಂಗಡಿ ತೆರೆದಾಗ ಸೆಟ್ಟುಗಳು ಕೊಕ್ಕೆಯಲ್ಲಿದ್ದವು. ನಾನು ಕೇಳಿದೆ, ಜಗಳವನ್ನೇ ಆಡಿದೆ. "ನಾ ಮಾರ್ದೆ ಓದ್ರೆ ಪಕ್ಕದೋನು ಮಾರ್ತಾನೆ ಕಣವ್ವ" ಎಂದರು. ನಿಜವೇ. ಪಕ್ಕದವನೂ ಅದನ್ನೇ ಹೇಳುತ್ತಿದ್ದ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೊಳೆಯ ಕಡೆ ತಿರುಗಿ ಕೈಮುಗಿಯುವುದನ್ನು ಮಾತ್ರ ಅಪ್ಪ ಬಿಟ್ಟಿದ್ದರು. ನಾನು ಅವ್ವನಿಂದ ತಿಳಿದದ್ದು ಅದು. ಅಪ್ಪ ತೀರಿಕೊಂಡ ಮೇಲೆ ಮನೆ ಮಾರಿದೆವು. ಈಗ ಅಲ್ಲಿ ಯಾತ್ರಿಗಳಿಗೆಂದು ಲಾಡ್ಜು ಎದ್ದಿದೆ, ತೊಟ್ಟಿ ಇದ್ದ ಜಾಗದಲ್ಲಿ ಲಿಫ್ಟು.

ವರ್ಷಕ್ಕೊಮ್ಮೆ ಹೆಮ್ಮಿಗೆಗೆ ಹೋಗುತ್ತೇನೆ. ಬದುವಿನ ಮೇಲೆ ಗರಿಕೆ ಬೆಳೆದಿದೆ, ಗುರುತಿಗೆಂದು ಇಟ್ಟ ಕಲ್ಲಿನ ಮೇಲೆ ಯಾರದೋ ಮೇಕೆ ಮಲಗಿರುತ್ತದೆ. ನಾನು ಓಡಿಸುವುದಿಲ್ಲ. ಪಕ್ಕದಲ್ಲಿ ಕೂರುತ್ತೇನೆ. ಗಾಳಿ ಆ ಕಡೆಯಿಂದ ಬೀಸಿದರೆ ಹೊಳೆ ಹರಿಯುವ ಸದ್ದು ಕೇಳುತ್ತದೆ, ನಾನು ಹುಡುಗಿಯಾಗಿದ್ದಾಗ ಕೇಳಿದ ಹಾಗೆಯೇ, ಏನೂ ಆಗಿಲ್ಲವೆಂಬಂತೆ. ಹೊತ್ತಿಳಿಯುವವರೆಗೂ ಕೇಳುತ್ತೇನೆ. ಎದ್ದು ಹೋಗಿ ನೋಡುವುದಿಲ್ಲ.